ಕೊಸರಿಲ್ಲದ ವ್ಯಾಪಾರ

ರೇಷನ್ ಡಿಪೋದಲ್ಲಿ ನನ್ನ ಪಾಲಿನ ರಾಗಿಯನ್ನು ಅಳೆದು ಚೀಲಕ್ಕೆ ಸುರಿದಾದ ಮೇಲೆಯೂ ನಾನು ಚೀಲದ ಬಾಯನ್ನು ಎರಡೂ ಕೈಗಳಿಂದ ಅಗಲಿಸಿ ಹಿಡಿದುಕೊಂಡೇ ನಿಂತಿರುತ್ತೇನೆ. ಅದೊಂದು ಅಭ್ಯಾಸ, ಬಿಡಬೇಕೆಂದರೂ ಬಿಡದು. ಹಿಂದೆ ನಿಂತವರು ಕೆಮ್ಮುತ್ತಾರೆ. ಅಳೆಯುವ ಗುಮಾಸ್ತ ರಂಗನಾಥ ನನ್ನ ಹಳೆಯ ವಿದ್ಯಾರ್ಥಿ. ಅವನು ಮರ್ಯಾದೆಯಿಂದ, "ಆಯ್ತು ಸಾರ್, ಮುಗೀತು" ಎನ್ನುತ್ತಾನೆ. ಮುಗಿಯಿತೆಂಬುದು ನನಗೂ ಗೊತ್ತು. ಸೇರಿನ ಮೇಲೆ ಒಂದು ಕಾಳೂ ತಲೆಯೆತ್ತದಂತೆ ರೂಲುದೊಣ್ಣೆಯಿಂದ ಗೀರಿ ಮಟ್ಟ ಮಾಡಿಯೇ ಅವನು ಸುರಿಯುವುದು. ಆ ಶಿಸ್ತಿಗೆ ಅವನನ್ನು ಬಯ್ಯುವ ಅಧಿಕಾರ ನನಗಿಲ್ಲ. ಅಕ್ಷರ ಗೆರೆಯನ್ನು ಮೀರಕೂಡದೆಂದು ಅವನ ಬೆರಳಿನ ಗೆಣ್ಣುಗಳಿಗೆ ಅದೇ ಬಗೆಯ ದೊಣ್ಣೆಯಿಂದ ಕಲಿಸಿದವನು ನಾನೇ. ಕಲಿಸಿದ ವಿದ್ಯೆ ಎಲ್ಲಿ ಹೋಗಿ ಫಲ ಕೊಡುತ್ತದೆಂಬುದನ್ನು ಮೇಷ್ಟರಾದವರು ಊಹಿಸಲಾರರು.

ಹಾಗಾದರೆ ಚೀಲ ಹಿಡಿದು ನಾನು ಕಾಯುವುದು ಯಾವುದಕ್ಕೆ? ಕೊಸರಿಗೆ. ಯುದ್ಧಕಾಲದಲ್ಲಿ ಕಣ್ಣು ಬಿಟ್ಟ ಮಕ್ಕಳಿಗೆ ಈ ಪದಾರ್ಥದ ಪರಿಚಯವಿರಲಾರದು. ಅಳತೆ ಮುಗಿದು, ಬೆಲೆ ಸಂದು, ಕೊಟ್ಟವರಿಗೂ ಕೊಂಡವರಿಗೂ ಲೆಕ್ಕ ಸರಿಹೋದ ಮೇಲೆ ಮಾರುವವರು ತಮ್ಮ ಕೈಯಾರೆ ಒಂದು ಹಿಡಿಯನ್ನು ಮೇಲೆ ಹಾಕುತ್ತಾರಲ್ಲ, ಅದು ಕೊಸರು. ಅದಕ್ಕೆ ಬೆಲೆಯಿಲ್ಲ, ಆದರೆ ಅದಿಲ್ಲದೆ ವ್ಯಾಪಾರ ಮುಗಿದಂತಿಲ್ಲ. ಪಾವಗಡದ ಕಡೆ ತೆಲುಗಿನವರೂ ಇದೇ ಮಾತನ್ನು ಆಡುತ್ತಾರೆ. "ಕೊಂಚೆಂ ಕೊಸರು ವೆಯ್ಯಮ್ಮಾ" ಎಂದು ಅವರು ರಾಗವೆಳೆಯುವುದನ್ನು ಕೇಳಿದರೆ ಮಾರುವವರ ಕೈ ತಾನಾಗಿ ಸಡಿಲುತ್ತದೆ.

ನನ್ನ ಬಾಲ್ಯದಲ್ಲಂತೂ ವ್ಯಾಪಾರದ ಪರಮೋದ್ದೇಶವೇ ಕೊಸರೆಂದು ನಾನು ನಂಬಿದ್ದೆ. ಕೊರಟಗೆರೆಯಲ್ಲಿ ನಮ್ಮ ಸೋದರತ್ತೆ ನನ್ನನ್ನು ಎಣ್ಣೆಗೆಂದು ಅಂಗಡಿಗೆ ಅಟ್ಟುತ್ತಿದ್ದಳು. ಎಣ್ಣೆ ಅವಳಿಗೆ, ಅಂಗಡಿಯವನು ಕೈಗಿಡುತ್ತಿದ್ದ ಬೆಲ್ಲದ ಚೂರು ನನಗೆ. ಹಾದಿಯಲ್ಲಿ ಎಣ್ಣೆ ಎಷ್ಟೋ ಸಲ ಚೆಲ್ಲಿದೆ. ಬೆಲ್ಲ ಒಮ್ಮೆಯೂ ಬಿದ್ದುದಿಲ್ಲ. ಸೋದರತ್ತೆಯದು ಇನ್ನೂ ದೊಡ್ಡ ವಿದ್ಯೆ. ತೋವಿನಕೆರೆಯಿಂದ ಅವರೆಕಾಯಿ ತರುವವಳು ಬಾಗಿಲಿಗೆ ಬಂದಳೆಂದರೆ ಇಬ್ಬರೂ ಸೆರಗು ಬಿಗಿದು ಕೂರುತ್ತಿದ್ದರು. "ಇದೇನು ಕಾಯೇನೆ, ಬರೀ ಸಿಪ್ಪೆ!" ಎಂದು ಇವಳು; "ಸಿಪ್ಪೆ ಬ್ಯಾಡಾದ್ರೆ ಬುಡ್ರವ್ವ, ನಮ್ಮೆಮ್ಮೆ ತಿಂತದೆ" ಎಂದು ಅವಳು. ಬುಟ್ಟಿ ಎರಡು ಸಲ ತಲೆಗೇರಿ ಎರಡು ಸಲ ಇಳಿಯದೆ ಬೆಲೆ ಕುದುರುತ್ತಿರಲಿಲ್ಲ. ಕೊನೆಯಲ್ಲಿ ಕೊಸರಿಗಾಗಿ ಮತ್ತೊಂದು ಸುತ್ತು. ಅದೂ ಮುಗಿದ ಮೇಲೆ ಮಜ್ಜಿಗೆ, ಎಲೆಯಡಿಕೆ, ಮಗಳ ಬಾಣಂತನದ ಸುದ್ದಿ. ಪುಸ್ತಕದ ಭಾಷೆಗೆ ಆಗಲೇ ಮಾರುಹೋಗಿದ್ದ ನನಗೆ ಆ ಗದ್ದಲ ಅಸಂಸ್ಕೃತವಾಗಿ ತೋರುತ್ತಿತ್ತು. ದೊಡ್ಡವನಾದ ಮೇಲೆ ಹೀಗೆ ಒಂದು ಹಿಡಿ ಕಾಯಿಗಾಗಿ ಕೂಗಾಡಲಾರೆನೆಂದು ನಿಶ್ಚಯಿಸಿಕೊಂಡೆ. ಸಣ್ಣವರಿದ್ದಾಗ ಮಾಡಿಕೊಂಡ ನಿಶ್ಚಯಗಳಲ್ಲಿ ಕೈಗೂಡಿದ್ದು ಇದೊಂದೇ. ಕೈಗೂಡದಿದ್ದರೆ ಚೆನ್ನಾಗಿತ್ತು.

ನಾನು ಮಧುಗಿರಿಯ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲ; ಗಂಟಲು ಕೈಕೊಟ್ಟು ಮನೆಯಲ್ಲಿ ಕೂರುವುದಕ್ಕೆ ಇನ್ನೂ ಬಹಳ ವರ್ಷಗಳಿದ್ದವು. ಊರಿನ ವಾಚನಾಲಯಕ್ಕೆ ಖಾದಿ ತೊಟ್ಟ ಭಾಷಣಕಾರರೊಬ್ಬರು ಬಂದರು. ಬಡವನಿಗೆ ಭಿಕ್ಷೆ ಹಾಕಿದರೆ ಅವನ ತಲೆ ತಗ್ಗುತ್ತದೆ, ಅವನಿಂದ ಪದಾರ್ಥವನ್ನು ಕೊಂಡರೆ ಅವನ ತಲೆ ನಿಲ್ಲುತ್ತದೆ. ಆದುದರಿಂದ ಕೊಳ್ಳುವುದೇ ಉತ್ತಮವಾದ ದಾನ ಎಂದು ಅವರು ಹೇಳಿದರು. ಮಾತು ಚೆನ್ನಾಗಿತ್ತು, ಇಂದಿಗೂ ಅದರಲ್ಲಿ ತಪ್ಪು ಕಾಣೆ. ತಪ್ಪಿದ್ದುದು ಕೇಳಿಸಿಕೊಂಡವನಲ್ಲಿ. ಒಂದು ಒಳ್ಳೆಯ ಮಾತು ಕಿವಿಗೆ ಬಿದ್ದರೆ ಅದನ್ನು ಹಾಗೆಯೇ ಬಿಡುವ ಜಾತಿ ನನ್ನದಲ್ಲ. ಸೂತ್ರ ರಚಿಸಬೇಕು, ಸೂತ್ರಕ್ಕೆ ವೃತ್ತಿ ಬರೆಯಬೇಕು. ಮನೆ ತಲುಪುವಷ್ಟರಲ್ಲಿ ನನ್ನ ನ್ಯಾಯವ್ಯಾಪಾರದ ಶಾಸ್ತ್ರ ಸಿದ್ಧವಾಗಿತ್ತು. ಬಡವರೊಡನೆ ಚೌಕಾಸಿ ಮಾಡತಕ್ಕದ್ದಲ್ಲ. ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಡತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಬಡವರಿಂದ ಕೊಸರನ್ನು ಸ್ವೀಕರಿಸಲೇಕೂಡದು. ಅದು ಅವರ ಮಕ್ಕಳ ಬಾಯಿಂದ ಕಿತ್ತ ತುತ್ತು.

ಈ ಶಾಸ್ತ್ರವನ್ನು ಪ್ರಯೋಗಿಸಲು ಒಬ್ಬರು ಬಡವರು ಬೇಕಲ್ಲ. ವಾರದ ಸಂತೆಯಲ್ಲಿ ಹುಡುಕಿದೆ. ಹುಣಸೆಮರದಡಿಯ ಸಾಲಿನ ತುದಿಯಲ್ಲಿ ಐ.ಡಿ.ಹಳ್ಳಿ ಕಡೆಯ ಕುರಿಹಟ್ಟಿಯ ಹೆಂಗಸೊಬ್ಬಳು ಕೂರುತ್ತಿದ್ದಳು. ಗಂಡ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರ ಮೇಲೆ ಇರುತ್ತಾನೆ, ಮನೆಯಲ್ಲಿ ಹೆಣ್ಣುಮಕ್ಕಳು, ಈ ಬುಟ್ಟಿ ಖಾಲಿಯಾದರೆ ಒಲೆಯುರಿಯುತ್ತದೆ, ಉಳಿದರೆ ಮಂಡಿಯ ಸಾಹುಕಾರ ಹೇಳಿದ ಬೆಲೆಗೆ ಸುರಿದು ಹೋಗಬೇಕು. ಇಷ್ಟನ್ನು ಪಕ್ಕದ ಮೆಣಸಿನಕಾಯಿ ಈರಣ್ಣನಿಂದ ತಿಳಿದುಕೊಂಡೆ. ಆಕೆಯನ್ನೇ ಕೇಳಬಹುದಾಗಿತ್ತೆಂಬುದು ನನಗೆ ಹೊಳೆಯಲಿಲ್ಲ. ಅವಳ ಬುಟ್ಟಿಯಲ್ಲಿ ಹುರುಳಿಯೂ ಒಂದಿಷ್ಟು ಇರುತ್ತಿತ್ತು. ಹೆಚ್ಚಾಗಿದ್ದುದು ಹೊಲದ ಬದುವಿನಲ್ಲಿ ಬೆಳೆದ ಕರಿ ಎಳ್ಳು. ಯಾವುದು ಹೆಚ್ಚಾಗಿದೆಯೋ ಅದನ್ನು ಕೊಳ್ಳುವುದೇ ಹೆಚ್ಚಿನ ಉಪಕಾರವಷ್ಟೆ? ನಾನು ಎಳ್ಳನ್ನೇ ಕೊಂಡೆ.

ಒಂದು ವಾರವಲ್ಲ, ವಾರವಾರವೂ. ಉಪಕಾರ ಮಾಡುವವನು ಮೊದಲಿಗನಾಗಬೇಕೆಂದು ಬೆಳಗ್ಗೆಯೇ ಹೋಗುತ್ತಿದ್ದೆ, ಬೋಣಿ ನನ್ನದೇ. ಸ್ನಾನ ಮಾಡಿ, ಒದ್ದೆ ಜುಟ್ಟನ್ನು ಗಂಟು ಹಾಕಿ, ಬಿಳಿಯ ಉತ್ತರೀಯ ಹೊದೆದು, ಬರಿಗಾಲಿನಲ್ಲಿ, ದಾನಕ್ಕೆ ತಕ್ಕ ಗಂಭೀರವಾದ ಮುಖವನ್ನು ಹೊತ್ತು ಅವಳ ಮುಂದೆ ನಿಲ್ಲುತ್ತಿದ್ದೆ. ಬೆಲೆಯನ್ನು ಕೇಳುತ್ತಿರಲಿಲ್ಲ, ಹೇಳಿದ್ದನ್ನು ಕೊಡುತ್ತಿದ್ದೆ. ಅವಳು ಒಂದು ಎನ್ನದೆ "ಲಾಬ" ಎಂದು ಮೊದಲ ಸೇರನ್ನು ಎಣಿಸಿ ಸುರಿದು, ಎಣಿಕೆ ಮುಗಿದ ಮೇಲೆ ಕೊಸರಿಗೆಂದು ಹಿಡಿ ತುಂಬಿದ ಕೂಡಲೆ ಚೀಲವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

"ಇಸ್ಕಳಿ ಸ್ವಾಮಿ."

"ಬೇಡಮ್ಮ. ನಿನ್ನ ಮಕ್ಕಳಿಗಿರಲಿ."

"ಮಕ್ಳಿಗೈತೆ, ನೀವ್ ಇಸ್ಕಳಿ. ಬೋಣಿ ಕಣ್ ಸ್ವಾಮಿ, ಅಂಗೆ ಓಗ್ಬಾರ್ದು."

"ನಾನು ಕೊಸರು ತೆಗೆದುಕೊಳ್ಳುವುದಿಲ್ಲ. ಅದು ನನ್ನ ನಿಯಮ."

ಮೊದಲ ವಾರಗಳಲ್ಲಿ ಅವಳು ಪೆಚ್ಚಾಗಿ ನಕ್ಕಳು. ಆಮೇಲೆ ನಗುವುದು ನಿಂತಿತು. ಒಂದು ಬೆಳಗ್ಗೆಯಂತೂ ಎದ್ದು ನಿಂತು, ಸಾಲಿನವರೆಲ್ಲ ನೋಡುತ್ತಿರುವಂತೆಯೇ, "ನಿಮ್ಮ ದಮ್ಮಯ್ಯ ಅಂತೀನಿ, ಒಂದ್ ಕಾಳಾದ್ರೂ ಆಕ್ಕಂಡೋಗಿ!" ಎಂದು ಹಿಡಿಯನ್ನು ಮುಂದೆ ಚಾಚಿದಳು. ಬಡತನದಲ್ಲಿಯೂ ಎಂತಹ ಔದಾರ್ಯವೆಂದು ನನ್ನ ಕಣ್ಣು ತೇವವಾಯಿತು. ಆದರೂ ನಿಯಮ ನಿಯಮವೇ. ಚೀಲದ ಬಾಯನ್ನು ತಿರುಚಿ ಬಿಗಿಹಿಡಿದು ನಡೆದುಬಿಟ್ಟೆ. ಅಂದು ಸಂಜೆ ವಾಚನಾಲಯದಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ವರ್ಣಿಸಿದೆನೆಂಬುದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಕೇಳಿದವರು ತಲೆದೂಗಿದರು. ನಾನೂ ತೂಗಿದೆ.

ಸಂಜೆ ಸಂತೆಯ ಕಡೆ ಸುಳಿದರೆ ಅವಳ ಬುಟ್ಟಿ ತುಂಬಿಯೇ ಇರುತ್ತಿತ್ತು. ಅಯ್ಯೋ ಪಾಪ, ನಾನೊಬ್ಬನಿಲ್ಲದಿದ್ದರೆ ಇವಳ ಗತಿಯೇನು ಎಂದುಕೊಂಡು ಮರುವಾರ ಇನ್ನೂ ಹೆಚ್ಚು ಕೊಳ್ಳುತ್ತಿದ್ದೆ. ನಾನು ಹೆಚ್ಚು ಕೊಂಡಷ್ಟೂ ಅವಳ ಬುಟ್ಟಿಯಲ್ಲಿ ಹೆಚ್ಚು ಉಳಿಯುತ್ತಿತ್ತು. ಇಲ್ಲಿ ಏನೋ ವಿಪರೀತವಿದೆಯೆಂದು ಮೂರನೆಯ ತರಗತಿಯ ಹುಡುಗನಿಗೂ ತೋರಬಹುದಾಗಿತ್ತು. ನನಗೆ ತೋರಲಿಲ್ಲ.

ಮನೆಯಲ್ಲಿ ಎಳ್ಳಿನ ಪ್ರಳಯವಾಗಿತ್ತು. ಎಳ್ಳಿನ ಪುಡಿ, ಎಳ್ಳಿನ ಗೊಜ್ಜು, ಎಳ್ಳುಂಡೆ, ಎಳ್ಳು ಹಾಕಿದ ಸಾರು. ನನ್ನ ಹೆಂಡತಿ ಸಾವಿತ್ರಿ ಮಾತಿನಲ್ಲಿ ಮಿತವ್ಯಯಿ. ಮೊದಮೊದಲು ಸುಮ್ಮನಿದ್ದವಳು ಒಂದು ದಿನ ಅಟ್ಟದ ಮೇಲಿನ ಡಬ್ಬಗಳೆಲ್ಲ ತುಂಬಿದ ಮೇಲೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಏನೂಂದ್ರೆ, ಇಷ್ಟು ಎಳ್ಳು ಯಾರ ತರ್ಪಣಕ್ಕೆ?"

ನಾನು ದಾನದ ತತ್ತ್ವವನ್ನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಊಟಕ್ಕೇಳಿ. ಎಳ್ಳಿನ ಅನ್ನ" ಎಂದಳು.

ರಹಸ್ಯವನ್ನು ಒಡೆದವನು ಸಿರಾದ ಬಳೆ ಸಾಹೇಬ. ತಿಂಗಳಿಗೊಮ್ಮೆ ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು, "ಬಳೇ ಅಮ್ಮಾ!" ಎಂದು ಕೂಗಿ ನೇರವಾಗಿ ನಮ್ಮ ಜಗಲಿಗೇ ಬಂದು ಕೂರುವ ಮನುಷ್ಯ ಅಂದು ಬೀದಿಯಲ್ಲೇ ನಿಂತ. ಕೂಗಲಿಲ್ಲ. ಸಾವಿತ್ರಿ ಬಾಗಿಲಿಗೆ ಬಂದು, "ಯಾಕೆ ಸಾಹೇಬರೆ, ಅಲ್ಲೇ ನಿಂತಿರಿ? ಬನ್ನಿ" ಎಂದಳು.

ಅವನು ಅವಳ ಹಣೆಯ ಕುಂಕುಮವನ್ನೂ ಕೈಯ ಬಳೆಯನ್ನೂ ನೋಡಿ, ನಿಟ್ಟುಸಿರು ಬಿಟ್ಟು, "ಅಲ್ಲಾ, ಮೇಷ್ಟ್ರು ಸಾಬ್ ಸಲಾಮತ್ತಾಗವ್ರೆ!" ಎಂದ. "ಮಾಫ್ ಮಾಡ್ಬೇಕಮ್ಮಾ. ಮನೇಲಿ ಗಮಿ ಆಗೈತೆ ಅಂತ ಸಂತೇಲೆಲ್ಲಾ ಮಾತು. ಸಾವಾದ್ಮನೇಗೆ ಬಳೆ ತರ್ಬಾರ್ದಲ್ಲಾ. ಯಾರಮ್ಮಾ ಹೋಗಿದ್ದು?"

"ಯಾರೂ ಹೋಗಿಲ್ಲವಲ್ಲ!"

"ಹಂಗಾದ್ರೆ ಮೇಷ್ಟ್ರು ವಾರವಾರಾ ಕರೀ ಎಳ್ಳು ತಗೊಳ್ಳೋದು? ರೇಟು ಕೇಳಲ್ಲಾ, ಕೊಸರು ಮುಟ್ಟಲ್ಲಾ, ಮುಖ ಹಿಂಗ್ ಮಾಡ್ಕೊಂಡು!" ಅವನು ಮಾಡಿ ತೋರಿಸಿದ ಮುಖವನ್ನು ನಾನು ಒಳಗಿನ ಕಿಟಕಿಯಿಂದ ನೋಡಿದೆ. ಬಹಳ ಚೆನ್ನಾಗಿ ಮಾಡಿದ. "ಮೆಣಸಿನಕಾಯಿ ಈರಣ್ಣ ಅಂತಾವ್ನೆ: ಆ ಅಯ್ನೋರ ಮನೇಲಿ ಎಷ್ಟು ಜನ ಅವ್ರಪ್ಪಾ, ವಾರಕ್ಕೊಬ್ರು ಹೋದ್ರೂ ಮುಗೀವಲ್ದಲ್ಲಾ ಅಂತ!"

ಪ್ರಿಯ ವಾಚಕರೆ, ಈ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು. ಸಾವಿನ ಮನೆಗೆಂದು ಕೊಳ್ಳುವಾಗ ಬೆಲೆ ಕೇಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ಕೊಸರು ಹಾಕಿಸಿಕೊಳ್ಳುವುದಿಲ್ಲ. ಸಾವಿಗೆ ಕೊಸರು ಕೇಳಿದರೆ ಸಾವೂ ಇನ್ನೊಂದನ್ನು ಕೊಸರು ಹಾಕೀತೆಂಬ ಭಯ. ನಮ್ಮ ತಂದೆಯವರು ತೀರಿಕೊಂಡಾಗ ಸೋದರತ್ತೆಯ ಗಂಡ ಎಳ್ಳನ್ನು ಹಾಗೆಯೇ ಕೊಂಡುತಂದುದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡದ್ದೆಲ್ಲ ನನ್ನಲ್ಲಿ ಎಲ್ಲೋ ಕೆಳಗೆ ಬಿದ್ದಿತ್ತು; ಅದರ ಮೇಲೆ ಶಾಸ್ತ್ರವನ್ನು ಹೇರಿಕೊಂಡಿದ್ದೆ. ಸಂತೆಯ ಸಾಲಿನವರು ಹಳ್ಳಿಗಳಿಂದ ಬಂದವರು, ನನ್ನ ಮನೆಯ ಕ್ಷೇಮಸಮಾಚಾರ ಬಲ್ಲವರಲ್ಲ. ಅವರು ನೋಡಿದ್ದು ಇಷ್ಟೆ: ತುದಿಯಲ್ಲಿ ಕೂರುವ ಕುರಿಹಟ್ಟಿಯವಳಿಗೆ ವಾರವಾರವೂ ಸಾವಿನ ಮನೆಯ ಬೋಣಿ. ಅಂತಹ ಬುಟ್ಟಿಯಿಂದ ಮದುವೆ ಮನೆಗೆ, ಬಾಣಂತಿಯ ಮನೆಗೆ ಯಾರು ತಾನೆ ಕೊಂಡಾರು? ಒಂದು ಕಾಳನ್ನಾದರೂ ಹಾಕಿಕೊಂಡು ಹೋಗಿರೆಂದು ಅವಳು ಅಂಗಲಾಚಿದ್ದು ತನ್ನ ವ್ಯಾಪಾರದ ಜೀವಕ್ಕಾಗಿ. ನಾನು ಕಣ್ಣು ತೇವ ಮಾಡಿಕೊಂಡು ಚೀಲದ ಬಾಯಿ ತಿರುಚಿದ್ದೆ.

ಅಂದು ರಾತ್ರಿಯೇ, ಮುಂದಿನ ಸಂತೆಯ ದಿನ ಹೋಗಿ ಅವಳ ಬುಟ್ಟಿಯನ್ನು ಪೂರ್ತಿಯಾಗಿ ಕೊಂಡುಬಿಡುತ್ತೇನೆಂದೆ. ಸಾವಿತ್ರಿಗೆ ಸಿಟ್ಟು ಬಂದುದನ್ನು ನಾನು ಕಂಡದ್ದು ಅಪರೂಪ. "ಸಾಕೂಂದ್ರೆ ನಿಮ್ಮ ಉಪಕಾರ. ಈ ಸಲ ಚೀಲ ಹಿಡಿದುಕೊಂಡು ಹಿಂದೆ ನಿಂತಿರಿ. ಬಾಯಿ ಬಿಡಬೇಡಿ."

ಸಂತೆಯ ದಿನ ಹೊತ್ತೇರುವವರೆಗೆ ಕಾದು, ಜನ ತುಂಬಿದ ಮೇಲೆ ಹೊರಟಳು. ರೇಷ್ಮೆ ಸೀರೆ, ಮುಡಿಯಲ್ಲಿ ಹೂವು, ಕೈತುಂಬ ಸಾಹೇಬನ ಹೊಸ ಬಳೆ. ನಾನು ಹಿಂದೆ. ನನ್ನನ್ನು ಕಂಡು ಆ ಹೆಂಗಸಿನ ಮುಖ ಬಾಡಿದ್ದನ್ನು ಹೇಗೆ ಮರೆಯಲಿ? ಸಾಲ ಕೊಟ್ಟವನನ್ನು ಕಂಡರೂ ಜನ ಹಾಗೆ ಬಾಡುವುದಿಲ್ಲ. ಸಾವಿತ್ರಿ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಎಳ್ಳನ್ನು ಅಂಗೈಯಲ್ಲಿ ಹರಡಿ, ಇಡೀ ಸಾಲಿಗೆ ಕೇಳುವಂತೆ ದನಿಯೆತ್ತಿದಳು.

"ಏನಮ್ಮ ಇದು, ಎಳ್ಳೋ ಮಣ್ಣೋ?"

ಹೆಂಗಸು ಬೆಚ್ಚಿ ತಲೆಯೆತ್ತಿದಳು. ಒಂದು ಕ್ಷಣ ಸಾವಿತ್ರಿಯ ಮುಖವನ್ನೇ ನೋಡಿದಳು. ಆಮೇಲೆ ಅವಳ ಬೆನ್ನು ನೆಟ್ಟಗಾಯಿತು.

"ಮಣ್ಣಾ? ಮೂರ್ ಕಿತ ಕೇರಿ ತಂದಿವ್ನಿ ಕಣಮ್ಮ! ಮಣ್ಣಂತೆ! ನಿಮ್ಮನೆ ದೀಪ ಒಸಿ ಸಣ್ಣಕೈತೇನೋ, ಬಿಸ್ಲಾಗಿಟ್ಟು ನೋಡಿ."

"ಬಿಸಿಲಲ್ಲೇ ನೋಡುತ್ತಿದ್ದೇನೆ. ಸೇರಿಗೆ ಎಷ್ಟು?"

ಹೆಂಗಸು ಬೆಲೆ ಹೇಳಿದಳು. ಸಾವಿತ್ರಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಬ್ಬಬ್ಬಾ! ಎಳ್ಳಿಗೆ ಹೇಳಿದೆಯೋ ಮುತ್ತಿಗೆ ಹೇಳಿದೆಯೋ? ಅರ್ಧಕ್ಕೆ ಕೊಡು."

"ಅರ್ಧಕ್ಕೆ ಕೊಟ್ಟು ನಾ ಸಿದ್ದರಬೆಟ್ಟ ಅತ್ಬೇಕಾ, ಸನ್ಯಾಸಿ ಆಗಿ? ಏಳಿ ಏಳಿ, ಬೇರೆ ಗಿರಾಕಿಗೆ ಜಾಗ ಬುಡಿ!"

"ಏಳುವುದಿಲ್ಲ. ನೀನು ಇಳಿಸುವವರೆಗೂ ಏಳುವುದಿಲ್ಲ."

ಜನ ನಿಂತರು. ಈರಣ್ಣ ಮೆಣಸಿನಕಾಯಿ ತೂಗುವುದನ್ನು ಬಿಟ್ಟು, "ಬುಡಬ್ಯಾಡ ಕಣಕ್ಕ! ಅಮ್ಮಾವ್ರು ಗಟ್ಟಿ ಅವ್ರೆ!" ಎಂದು ಹುರಿದುಂಬಿಸಿದ. ಬೆಲೆ ಒಂದಿಷ್ಟು ಇಳಿಯಿತು. ಸಾವಿತ್ರಿ ಒಂದಿಷ್ಟು ಏರಿದಳು. ಅಳೆದು ಸುರಿದ ಮೇಲೆ ಹೆಂಗಸು ಕೊಸರಿಗೆ ಕೈ ಹಾಕುವ ಮೊದಲೇ ಸಾವಿತ್ರಿ ತಾನೇ ಬುಟ್ಟಿಗೆ ಕೈಯಿಕ್ಕಿ ಒಂದು ಬೊಗಸೆ ಬಾಚಿ ನಾನು ಹಿಡಿದಿದ್ದ ಚೀಲಕ್ಕೆ ಹಾಕಿದಳು. "ಇದು ಕೊಸರು." ಮತ್ತೆ ಒಂದು ಹಿಡಿ ತೆಗೆದು, "ಇದು, ಇಷ್ಟು ವಾರ ಇವರು ಬಿಟ್ಟುಹೋದ ಕೊಸರು" ಎಂದಳು.

"ಲೇ ಈರಣ್ಣ, ನೋಡ್ಲಾ! ನನ್ ಬುಟ್ಟೀನೇ ಬಾಚ್ಕಂಡ್ಬುಟ್ರು ಕಣ್ಲಾ ಈಯಮ್ಮ!" ಎಂದು ಆ ಹೆಂಗಸು ಬಾಯಿ ಬಡಿದುಕೊಂಡು ಕೂಗಿದಳು. ಅಷ್ಟು ಸಂತೋಷದ ಕೂಗನ್ನು ನಾನು ಮದುವೆ ಮನೆಗಳಲ್ಲಿಯೂ ಕೇಳಿಲ್ಲ.

"ಲೂಟಿಯಾದ ಬುಟ್ಟಿ, ನಂಗೂ ಒಂದ್ ಸೇರ್ ಕೊಡವ್ವ" ಎಂದು ನಿಂತಿದ್ದವಳೊಬ್ಬಳು ಕುಳಿತಳು. ಅವಳ ಹಿಂದೆ ಇನ್ನೊಬ್ಬಳು.

ಏಳುವಾಗ ಸಾವಿತ್ರಿ ಕೇಳಿದಳು: "ನಿನ್ನ ಹೆಸರೇನಮ್ಮ?"

"ಕೆಂಚಮ್ಮ ಕಣಮ್ಮ."

ನಾನು ಚೀಲವನ್ನು ಹಿಡಿದು ನಿಂತಿದ್ದೆ. ನಾಮಪದಗಳನ್ನು ಊರಿನ ಮಕ್ಕಳಿಗೆಲ್ಲ ಕಂಠಪಾಠ ಮಾಡಿಸಿದವನು, ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಕೊಡುವವನು ನಾನು, ತೆಗೆದುಕೊಳ್ಳುವವಳು ಅವಳು. ಅಷ್ಟು ಗೊತ್ತಿದ್ದರೆ ಸಾಕೆಂದಿದ್ದೆನಲ್ಲ. ಅವಳ ಬಳಿಯೂ ಕೊಡುವುದಕ್ಕೆ ಒಂದು ಹಿಡಿ ಇತ್ತು, ಅದನ್ನು ಕೊಡುವ ಹೊತ್ತಿಗೆ ಮಾತ್ರ ಅವಳು ಸಂತೆಯ ಯಾವ ಸಾಹುಕಾರನಿಗೂ ಕಡಿಮೆಯಾಗಿರಲಿಲ್ಲ. ಆ ಒಂದು ಹಿಡಿಯನ್ನೇ ನಾನು ವಾರವಾರವೂ ಹಿಂದಕ್ಕೆ ತಳ್ಳಿ, ಅದಕ್ಕೆ ದಾನವೆಂದು ಹೆಸರಿಟ್ಟಿದ್ದೆ.

ಅಂದಿನಿಂದ ಅಳತೆ ಮುಗಿದ ಮೇಲೂ ಚೀಲದ ಬಾಯಿ ತೆರೆದು ನಿಲ್ಲುವುದು ನನಗೆ ರೂಢಿಯಾಯಿತು. ಚೌಕಾಸಿ ಮಾತ್ರ ಕೊನೆಗೂ ಬರಲಿಲ್ಲ. ಒಮ್ಮೆ ಪ್ರಯತ್ನಿಸಿದೆ, "ಈ ಬೆಲೆಯು ಅಧಿಕವಾಯಿತಲ್ಲವೆ?" ಎಂದೆ. ಕೆಂಚಮ್ಮ ನಕ್ಕು ನಕ್ಕು ಸೇರನ್ನೇ ಕೈಬಿಟ್ಟಳು. "ನೀವ್ ಸುಮ್ಕಿರಿ ಮೇಷ್ಟ್ರೆ, ಅಮ್ಮಾವ್ರನ್ ಕಳ್ಸಿ."

ಆಮೇಲೆ ಯುದ್ಧ ಬಂತು. ದವಸಗಳೆಲ್ಲ ಡಿಪೋಗೆ ಸೇರಿದವು, ಸಂತೆ ಬಡವಾಯಿತು. ಕೆಂಚಮ್ಮ ಕಣ್ಣಿಗೆ ಬೀಳದೆ ಬಹಳ ದಿನಗಳಾಗಿದ್ದವು. ಇಷ್ಟೆಲ್ಲ ನೆನಪಾಗಲು ಕಾರಣ, ಮೊನ್ನೆ ಡಿಪೋದ ಸಾಲಿನಲ್ಲಿ ನನ್ನ ಮುಂದೆಯೇ ಅವಳು ನಿಂತಿದ್ದುದು. ಸಣ್ಣಗಾಗಿದ್ದಾಳೆ. ಮಗಳನ್ನು ಮಧುಗಿರಿಗೇ ಕೊಟ್ಟಿರುವುದರಿಂದ, ಗಂಡ ಹೋದ ಮೇಲೆ ಇಲ್ಲಿಯೇ ಇದ್ದಾಳಂತೆ. ರಂಗನಾಥ ಅವಳ ಪಾಲನ್ನು ಅಳೆದು, ಗೀರಿ, ಸುರಿದ. ಅವಳು ಗಂಟು ಕಟ್ಟುತ್ತಾ ಪಕ್ಕಕ್ಕೆ ಸರಿದು, ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು:

"ನೋಡುದ್ರಾ ಮೇಷ್ಟ್ರೆ? ಬೆಲೆ ಕೇಳಂಗಿಲ್ಲ, ಕೊಸರಿಲ್ಲ. ಊರಿಗೂರೇ ಸಾವಿನ್ಮನೆ ಯಾಪಾರ ಕಲ್ತ್ಕಂಡ್ಬುಡ್ತು."

ನನ್ನ ಸರದಿ ಬಂತು. ರಂಗನಾಥ ಅಳೆದ, ಗೀರಿದ, ಸುರಿದ. ಎಂದಿನಂತೆ ನಾನು ಚೀಲದ ಬಾಯನ್ನು ಅಗಲಿಸಿ ಹಿಡಿದುಕೊಂಡೇ ನಿಂತೆ.

"ಆಯ್ತು ಸಾರ್, ಮುಗೀತು."

ಕೆಂಚಮ್ಮ ನನ್ನ ಕೈಗಳನ್ನು ನೋಡಿದಳು. ಕಟ್ಟಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚಿ, ತನ್ನ ರಾಗಿಯಲ್ಲಿ ಒಂದು ಹಿಡಿ ತುಂಬಿಕೊಂಡು, ನನ್ನ ಚೀಲದ ಮೇಲೆ ಕೈ ಚಾಚಿದಳು. ಆ ಹಿಡಿ ಮೊದಲಿನಷ್ಟು ದೊಡ್ಡದಾಗಿರಲಿಲ್ಲ. ಅವಳ ಮನೆಯಲ್ಲಿ ಅದು ಯಾರ ತುತ್ತೆಂದು ಯೋಚಿಸಿ ನನ್ನ ನಾಲಗೆಯ ತುದಿಗೆ "ಬೇಡಮ್ಮ" ಎಂಬ ಮಾತು ಬಂದುಬಿಟ್ಟಿತ್ತು.

"ಹಾಗೆಲ್ಲ ಒಬ್ಬರ ರೇಷನ್ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲಮ್ಮ" ಎಂದ ರಂಗನಾಥ.

"ಇದು ರೇಷನ್ನಲ್ಲ ಕಣಪ್ಪ" ಎಂದಳು ಕೆಂಚಮ್ಮ, ನನ್ನನ್ನೇ ನೋಡುತ್ತಾ. "ಕೊಸರು."

ನಾನು ತಲೆ ಎತ್ತಲಿಲ್ಲ. ಚೀಲದ ಬಾಯನ್ನು ಇನ್ನಷ್ಟು ಅಗಲಿಸಿ ಹಿಡಿದೆ.